ಫುಲ್ಮರ್ ದ್ವೀಪದಲ್ಲಿ ಮೂರು ದಿನ ಆಲೂಗಡ್ಡೆ

ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ, ಹುಲ್ಲು ಕತ್ತರಿಸುವ ಯಂತ್ರದ ಮೇಲ್ಗಡೆ, ಮೊಳೆಯೊಂದಕ್ಕೆ ನನ್ನ ನೀಲಿ ಜಾಕೆಟ್ ನೇತಾಡುತ್ತಿದೆ. ಒಳ್ಳೆಯ ಜಾಕೆಟ್. ಮಳೆ ತಡೆಯುತ್ತದೆ, ಗಾಳಿ ತಡೆಯುತ್ತದೆ, ಹತ್ತಿರ ಬರುವ ಮನುಷ್ಯರನ್ನೂ ತಡೆಯುತ್ತದೆ. ಕಳೆದ ವಾರ ಶೆಡ್ಡಿನ ಚಾವಣಿ ರಿಪೇರಿಗೆ ಬಂದವನು ಬಾಗಿಲು ತೆರೆದು, ಒಂದು ಕ್ಷಣ ನಿಂತು, ಮತ್ತೆ ಮುಚ್ಚಿ, "ಒಳಗೆ ಏನೋ ಸತ್ತ ಹಾಗಿದೆ" ಎಂದ. ಸತ್ತಿಲ್ಲ, ಹಕ್ಕಿಯೊಂದು ಉಗಿದದ್ದು, ಅದೂ ಕೆಲವು ವರ್ಷಗಳ ಹಿಂದೆ ಎಂದು ವಿವರಿಸಿದೆ. ಅವನು ಚಾವಣಿಯನ್ನು ಹೊರಗಿನಿಂದಲೇ ರಿಪೇರಿ ಮಾಡಿ ಹೋದ.

ಆ ಹಕ್ಕಿಯ ಹೆಸರು ಫುಲ್ಮರ್. ಬೂದು ರೆಕ್ಕೆ, ಬಿಳಿ ಎದೆ, ದೂರದಿಂದ ನೋಡಿದರೆ ಸಾಧಾರಣ ಕಡಲಹಕ್ಕಿ. ಹತ್ತಿರ ಹೋದವರ ಮೇಲೆ ಹೊಟ್ಟೆಯೊಳಗಿನ ಎಣ್ಣೆಯನ್ನು ಪಿಚಕಾರಿಯಂತೆ ಕಾರುವುದು ಅದರ ಆತ್ಮರಕ್ಷಣೆಯ ವಿಧಾನ. ಆ ಎಣ್ಣೆಯ ವಾಸನೆ ಬಟ್ಟೆಯಿಂದ ಹೋಗುವುದಿಲ್ಲ ಎಂದು ಪುಸ್ತಕಗಳಲ್ಲಿ ಬರೆದಿದ್ದಾರೆ. ನಾನು ಪುಸ್ತಕ ಓದಿದ್ದು ಊರಿಗೆ ವಾಪಸು ಬಂದ ಮೇಲೆ.

ನಾನು ಶೆಫೀಲ್ಡಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ವೈದ್ಯ. ಜನರನ್ನು ಮಲಗಿಸುವುದು ನನ್ನ ಕಸುಬು. ಮಲಗಿದವರು ಮಾತಾಡುವುದಿಲ್ಲವಾದ್ದರಿಂದ ನನಗೆ ಸಂಭಾಷಣೆಯ ಅಭ್ಯಾಸ ಕಡಿಮೆ. ಇದನ್ನು ಗಮನಿಸಿದ ನನ್ನ ಹೆಂಡತಿ ವಸುಧಾ, ನನಗೆ ನಲವತ್ತೈದು ತುಂಬಿದ ದಿನ ಒಂದು ಕ್ಯಾಮೆರಾ ಕೊಡಿಸಿ, "ಮನೆಯಿಂದ ಆಚೆ ಹೋಗಿ, ನಾಲ್ಕು ಜನರನ್ನ ನೋಡಿ" ಎಂದಳು. ನಾನು ಆಚೆ ಹೋಗಿ ಹಕ್ಕಿಗಳನ್ನು ನೋಡಿದೆ. ಬಡಾವಣೆಯ ಫೋಟೋಗ್ರಫಿ ಕ್ಲಬ್ಬಿಗೆ ಸೇರಿದೆ. ಅಲ್ಲಿ ಕೀತ್ ಸಿಕ್ಕಿದ.

ಕೀತ್ ಮೂವತ್ತು ವರ್ಷ ಶೆಫೀಲ್ಡಿನಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು. ಈಗಲೂ ತನ್ನ ಕಾರಿನಲ್ಲಿ ಹೋಗುವಾಗ ಬಸ್‌ಸ್ಟಾಪಿನಲ್ಲಿ ಯಾರಾದರೂ ಕೈ ಎತ್ತಿದರೆ ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಭಾಸ್ಕರ ಎಂಬ ನನ್ನ ಹೆಸರನ್ನು ಎರಡು ವಾರ ಅಭ್ಯಾಸ ಮಾಡಿ, ಕೊನೆಗೆ 'ಬಾಸ್' ಎಂದು ಇಳಿಸಿಕೊಂಡ. ಆಸ್ಪತ್ರೆಯಲ್ಲಾಗಲಿ ಮನೆಯಲ್ಲಾಗಲಿ ನನ್ನನ್ನು ಹಾಗೆ ಕರೆಯುವವರು ಯಾರೂ ಇಲ್ಲದ್ದರಿಂದ ನಾನು ತಿದ್ದಲಿಲ್ಲ.

ತಿದ್ದದೆ ಇರುವುದು ನನ್ನ ಹಳೆಯ ರೋಗ. ನಾವಿಬ್ಬರೂ ಮೊದಲ ಸಲ ಯಾರ್ಕ್‌ಶೈರ್ ಕರಾವಳಿಯ ಕಡಿದಾದ ಬಂಡೆಗಳ ಮೇಲೆ ಹಕ್ಕಿ ನೋಡಲು ಹೋದಾಗ ನಡೆದದ್ದು ಹೇಳುತ್ತೇನೆ. ಮಧ್ಯಾಹ್ನ ಬೆಂಚಿನ ಮೇಲೆ ಕೂತು ನಾನು ವಸುಧಾ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ ತೆರೆದೆ. ವಸುಧಾ ಮೈಸೂರಿನವಳು, ಸಸ್ಯಾಹಾರಿ. ಕೀತ್ ತನ್ನ ಡಬ್ಬಿ ಅರ್ಧ ತೆರೆದು, ನನ್ನ ಡಬ್ಬಿ ನೋಡಿ, "ನೀವು ಹಿಂದೂಗಳು ಮಾಂಸ ಮೀನು ಮುಟ್ಟೋದಿಲ್ಲ ಅಲ್ವಾ?" ಎಂದು ಕೇಳಿದ. ನನ್ನ ಬಾಯಿ ತುಂಬ ಚಿತ್ರಾನ್ನ. ತಲೆ ಅಲ್ಲಾಡಿಸಿದೆ. ನಾವು ತಲೆ ಅಲ್ಲಾಡಿಸುವುದು ಹೇಗೆಂದು ನಿಮಗೆ ಗೊತ್ತು. ಅದು ಹೌದೂ ಆಗಬಹುದು, ಅಲ್ಲವೂ ಆಗಬಹುದು, ಕಡಲೆಬೇಳೆ ಹಲ್ಲಿಗೆ ಸಿಕ್ಕಿದೆ ಎಂದೂ ಆಗಬಹುದು. ಕೀತ್ ತನಗೆ ಬೇಕಾದ್ದನ್ನು ಅರ್ಥ ಮಾಡಿಕೊಂಡು, ತನ್ನ ಡಬ್ಬಿ ಮುಚ್ಚಿ, ಹಸಿವಿಲ್ಲ ಎಂದ. ಗ್ಯಾಸ್ಟ್ರಿಕ್ ಇರಬೇಕು ಎಂದು ನಾನು ವೈದ್ಯನಾಗಿ ಊಹಿಸಿದೆ. ಮುಂದಿನ ಸಲದಿಂದ ಅವನೂ ಚೀಸ್ ಸ್ಯಾಂಡ್‌ವಿಚ್ ತರತೊಡಗಿದ. ಪಾಪ, ಸಸ್ಯಾಹಾರಿ ಇಂಗ್ಲಿಷಿನವನು, ಎಷ್ಟು ಅಪರೂಪ ಎಂದು ವಸುಧಾಗೆ ಹೇಳಿದೆ. ಐದು ವರ್ಷ ಹೀಗೇ ನಡೆಯಿತು.

ನಿಜ ಹೇಳಬೇಕೆಂದರೆ, ನಾನು ಗಂಗೊಳ್ಳಿಯ ಮೀನಿನ ಮನೆಯವನು. ಅಪ್ಪನಿಗೆ ದೋಣಿಯಲ್ಲಿ ಪಾಲಿತ್ತು. ಅಮ್ಮ ಬುಟ್ಟಿ ಹೊತ್ತು ಹೊಳೆ ದಾಟಿ ಕುಂದಾಪುರದ ಮನೆಮನೆಗೆ ಮೀನು ಮಾರುತ್ತಿದ್ದಳು. ಬೈಗೆ, ಬಂಗುಡೆ, ಮಳೆಗಾಲದಲ್ಲಿ ಒಣಮೀನು. ಮನೆಯ ಗೋಡೆಗೂ, ದಿಂಬಿಗೂ, ನನ್ನ ಪಾಟಿಚೀಲಕ್ಕೂ ಅದೇ ವಾಸನೆ. ಕಾಲೇಜಿಗೆ ಹೋಗುವ ಕಾಲಕ್ಕೆ ನಾನು ದಿನಕ್ಕೆ ಎರಡು ಸಲ ಸೋಪು ಹಚ್ಚಿ ಸ್ನಾನ ಮಾಡುತ್ತಿದ್ದೆ. ಅಷ್ಟು ಶುಚಿಯಾದ ಹುಡುಗ ಡಾಕ್ಟರೇ ಆಗಬೇಕು ಎಂದು ಮೇಷ್ಟ್ರು ಹೇಳಿದರು, ಆದೆ.

ಇಂಗ್ಲೆಂಡಿಗೆ ಬಂದ ಮೇಲೆ ಊರಿನ ವಿಷಯದಲ್ಲಿ ನಾನು ಸುಳ್ಳು ಹೇಳಲಿಲ್ಲ. ಸುಮ್ಮನಿದ್ದೆ. ಶೆಫೀಲ್ಡಿನ ಕನ್ನಡದವರ ಕೂಟದ ಹಿರಿಯರು ರಾಜಲಕ್ಷ್ಮಿ ಮೇಡಂ. ನಿವೃತ್ತ ಕಣ್ಣಿನ ಡಾಕ್ಟರು. ಮೊದಲ ಯುಗಾದಿ ಊಟದಲ್ಲಿ ಅವರು ನನ್ನನ್ನು ಎಲ್ಲರಿಗೂ ಪರಿಚಯಿಸುತ್ತಾ, "ಡಾಕ್ಟರ್ ಭಾಸ್ಕರ್ ಉಡುಪಿ ಕಡೆಯವರು. ಮಠದ ಊಟ ಉಂಡು ಬೆಳೆದವರು. ನಮ್ಮ ಹುಳಿ ರುಚಿ ಹತ್ತುತ್ತೋ ಇಲ್ವೋ!" ಎಂದರು. ನಾನು ಕೈ ಮುಗಿದೆ. ಮನೆಗೆ ಬಂದ ಮೇಲೆ ವಸುಧಾ, "ಕೈ ಯಾಕೆ ಮುಗಿದ್ರಿ?" ಎಂದಳು. ಹೆಂಡತಿಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೇ ಮದುವೆಯಾದವಳು. ಮಗಳು ಇಳಾಗೆ ಮಾತ್ರ, ಅವಳು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದಕ್ಕೆ, "ಅಜ್ಜಿಗೆ ಸೀಫುಡ್ ಬಿಸಿನೆಸ್ ಇತ್ತು" ಎಂದಿದ್ದೆ. ಅವಳು ಅದನ್ನು ಶಾಲೆಯಲ್ಲಿ ಬರೆದು ಟೀಚರಿಂದ ಸ್ಟಾರ್ ಪಡೆದಳು.

ಇರಲಿ, ಹಕ್ಕಿಯ ವಿಷಯಕ್ಕೆ ಬರುತ್ತೇನೆ.

ಬ್ರೆಕ್ಸಿಟ್ ಮತದಾನ ಮುಗಿದ ಬೇಸಿಗೆ ಅದು. ಸ್ಕಾಟ್ಲೆಂಡಿಗಿಂತ ಮೇಲೆ, ಐಸ್‌ಲೆಂಡಿನ ದಾರಿಯಲ್ಲಿ, ಫಾರೋ ಎಂಬ ದ್ವೀಪಗಳಿವೆ. ಅಲ್ಲಿ ಪಫಿನ್ ಎಂಬ ಬಣ್ಣದ ಕೊಕ್ಕಿನ ಹಕ್ಕಿ ಸಾವಿರಗಟ್ಟಲೆ ಇರುತ್ತದೆ, ಮನುಷ್ಯರ ಪಕ್ಕದಲ್ಲೇ ಕೂತು ಫೋಟೋ ತೆಗೆಸಿಕೊಳ್ಳುತ್ತದೆ ಎಂದು ಕೀತ್ ಎಲ್ಲೋ ಓದಿದ. ಅವನು ಬೇಟೆಗಾರನೊಬ್ಬನ ಮನೆಯ ಮಹಡಿಯಲ್ಲಿ ಕೋಣೆ ಗೊತ್ತು ಮಾಡಿದ. ರಜೆ ಹೊಂದಿಸುವುದು ನನ್ನ ಪಾಲಿನ ಕೆಲಸ. ರೋಟಾ, ಅಂದರೆ ಡ್ಯೂಟಿ ಪಟ್ಟಿ, ನೋಡಿ, ಸಹೋದ್ಯೋಗಿಗಳ ಕೈಕಾಲು ಹಿಡಿದು, ಆಗಸ್ಟ್ ಕೊನೆಯ ವಾರ ಗಿಟ್ಟಿಸಿದೆ. ಪಫಿನ್‌ಗಳ ರೋಟಾ ನೋಡಲಿಲ್ಲ. ಅವು ಆಗಸ್ಟ್ ಮಧ್ಯಕ್ಕೇ ಮರಿಗಳ ಸಮೇತ ಕಡಲಿಗೆ ಹೊರಟುಹೋಗುತ್ತವಂತೆ.

ಈ ಸಂಗತಿ ನಮಗೆ ತಿಳಿದದ್ದು ಎಡಿನ್‌ಬರೋದಿಂದ ವಿಮಾನ ಹತ್ತಿ, ಮೋಡದೊಳಗಿಂದ ದ್ವೀಪಕ್ಕೆ ಇಳಿದು, ಮನೆಯೊಡೆಯ ಯೆಗ್ವಾನ್‌ನ ಕೈ ಕುಲುಕಿದ ಮೇಲೆ. ಅವನ ಹೆಸರನ್ನು ಕಾಗದದಲ್ಲಿ ನೋಡಿ ನಾನು ಮನಸ್ಸಿನಲ್ಲಿ 'ಯೋಗವಾನ' ಎಂದು ಓದಿಕೊಂಡಿದ್ದೆ. ಅರವತ್ತರ ಹತ್ತಿರದ ಆಸಾಮಿ. ಕೆಂಪು ಮುಖ, ಸಲಿಕೆಯಂಥ ಕೈ.

"ಪಫಿನ್?" ಎಂದು ಕೀತ್ ಕೇಳಿದ.

"ಹೋದವು" ಎಂದ ಯೆಗ್ವಾನ್.

"ಯಾವಾಗ ಬರುತ್ತವೆ?"

"ಏಪ್ರಿಲ್."

ಕೀತ್ ನನ್ನ ಕಡೆ ತಿರುಗಿ ನೋಡಿದ. ನಾನು ಬೆಟ್ಟಗಳನ್ನು ನೋಡಿದೆ. ಬೆಟ್ಟಗಳು ಚೆನ್ನಾಗಿದ್ದವು. "ಫುಲ್ಮರ್ ಇದೆ" ಎಂದು ಯೆಗ್ವಾನ್ ಸಮಾಧಾನ ಹೇಳಿದ. "ಈ ವಾರ ಮರಿಗಳು ಗೂಡಿನಿಂದ ನೀರಿಗೆ ಬೀಳುತ್ತವೆ. ತಿಂದು ತಿಂದು ದಪ್ಪಗಾಗಿರುತ್ತವೆ, ಹಾರಲಾರವು. ದೋಣಿಯಲ್ಲಿ ಹೋಗಿ ಬಲೆಯಲ್ಲಿ ಎತ್ತುತ್ತೇವೆ. ಚಳಿಗಾಲಕ್ಕೆ ಉಪ್ಪು ಹಾಕಿಡುತ್ತೇವೆ."

ಕೀತ್‌ನ ಮುಖ ಬಿಳಚಿತು. ಆದರೆ ಅವನು ಸಭ್ಯ ಮನುಷ್ಯ. ಯೆಗ್ವಾನ್‌ನ ಹೆಂಡತಿ ಮಾರ್ಯುನ್ ಮೇಜಿನ ಮೇಲೆ ಊಟ ತಂದಿಡುವ ಹೊತ್ತಿಗೆ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ಹೇಳಿದ: "ನಾನು ಸಸ್ಯಾಹಾರಿ. ನನ್ನ ವಿಷಯ ಬಿಡಿ, ಹೇಗೋ ಹೊಂದಿಕೊಳ್ಳುತ್ತೇನೆ. ಇವರು ಹಿಂದೂ. ಇವರಿಗೆ ಇದು ಧರ್ಮ. ದಯವಿಟ್ಟು ಇವರ ತಟ್ಟೆಯ ಹತ್ತಿರ ಮೀನು ಮಾಂಸ ತರಬೇಡಿ."

ಅಷ್ಟು ಗೌರವದಿಂದ ನನ್ನ ಪರವಾಗಿ ಯಾರೂ ಮಾತಾಡಿದ್ದಿಲ್ಲ. ಮಾರ್ಯುನ್ ಗಂಭೀರವಾಗಿ ತಲೆದೂಗಿ, ನನ್ನ ಮುಂದಿದ್ದ ಮೀನಿನ ಬಟ್ಟಲನ್ನು ಎತ್ತಿಕೊಂಡು ಹೋಗಿ, ಬೇಯಿಸಿದ ಆಲೂಗಡ್ಡೆ ತಂದಿಟ್ಟಳು.

ಆ ಮೀನಿನ ವಾಸನೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಆ ಮನೆಯ ಪಕ್ಕದಲ್ಲಿ ಸಂದು ಬಿಟ್ಟು ಹಲಗೆ ಹೊಡೆದ ಒಂದು ಗೂಡಿದೆ. ಅದರೊಳಗೆ ಮೀನನ್ನು ಜೋಡಿ ಜೋಡಿಯಾಗಿ ಕಟ್ಟಿ ತೂಗುಹಾಕುತ್ತಾರೆ. ಕಡಲ ಗಾಳಿ ಸಂದುಗಳಲ್ಲಿ ಹಾದು ಅದನ್ನು ಒಣಗಿಸುತ್ತದೆ, ಅರ್ಧ ಒಣಗಿದ್ದು ಅರ್ಧ ಹುಳಿತದ್ದು. ಇಂಗ್ಲಿಷಿನವರು ಆ ವಾಸನೆಗೆ ಮೂಗು ಮುಚ್ಚಿಕೊಂಡು ಹಿಂದೆ ಸರಿಯುತ್ತಾರೆ. ನಾನು ಮೂಗು ಮುಚ್ಚಿಕೊಳ್ಳುವ ನೆಪದಲ್ಲಿ ಹತ್ತಿರ ಹೋಗಿ ನಿಂತೆ. ಆಟಿ ತಿಂಗಳ ಮಳೆಯಲ್ಲಿ ಅಮ್ಮ ಒಲೆಯ ಮೇಲಿನ ಅಟ್ಟದಿಂದ ಒಣಮೀನಿನ ಮೂಟೆ ಇಳಿಸುವಾಗ ಬರುತ್ತಿದ್ದದ್ದು ಇದೇ ವಾಸನೆ. ಬಾಯಲ್ಲಿ ನೀರು ಬಂತು. ಆಲೂಗಡ್ಡೆ ತಿಂದೆ.

ಮರುದಿನವೂ ಆಲೂಗಡ್ಡೆ. ಅದರ ಮರುದಿನ, ಧರ್ಮಕ್ಕೆ ಅಡ್ಡಿಯಾಗದಂತೆ, ಆಲೂಗಡ್ಡೆಯ ಜೊತೆ ಗಜ್ಜರಿ. ಈ ನಡುವೆ ಬಂಡೆಯ ಅಂಚಿನಲ್ಲಿ ಬೋರಲು ಮಲಗಿ ಫುಲ್ಮರ್ ಮರಿಯೊಂದರ ಫೋಟೋ ತೆಗೆಯಲು ಹೋದೆ. ಹತ್ತಿಯ ಉಂಡೆಯಂತಿದ್ದ ಅದು ನನ್ನನ್ನು ಬಹಳ ಹೊತ್ತು ನೋಡಿ, ತೀರ್ಮಾನಕ್ಕೆ ಬಂದು, ಉಗಿಯಿತು. ಕೀತ್ ಕೂಗಿದ: "ಬಾಸ್! ಕಣ್ಣಿಗೆ ಬಿತ್ತಾ?" ಇಲ್ಲ, ಜಾಕೆಟ್ಟಿಗೆ ಬಿತ್ತು. ಸಂಜೆ ಮಾರ್ಯುನ್ ಅದನ್ನು ಮನೆಯೊಳಗೆ ಬಿಡಲಿಲ್ಲ. ಒಣಮೀನಿನ ಗೂಡಿನಲ್ಲಿ ತೂಗುಹಾಕಿದಳು. ಮೀನಿಗೆ ಅಭ್ಯಂತರವಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ದೋಣಿ ಹೊರಟಿತು. ಯಾವಾಗಲೂ ಜೊತೆಗೆ ಬರುವ ಯೆಗ್ವಾನ್‌ನ ತಮ್ಮನಿಗೆ ಸೊಂಟ ಹಿಡಿದಿತ್ತು. ಯೆಗ್ವಾನ್ ಬಲೆ ಹಿಡಿದರೆ ಚುಕ್ಕಾಣಿಗೆ ಜನವಿಲ್ಲ. ಬಸ್ಸು ಓಡಿಸಿದ ಕೀತ್ ಧೈರ್ಯವಾಗಿ ಮುಂದೆ ಬಂದ. ಆದರೆ ಬಂದರಿನ ಗೋಡೆ ದಾಟುತ್ತಲೇ ದೊಡ್ಡ ಅಲೆಗಳು ಶುರುವಾದವು. ಬಸ್ಸು ಹೀಗೆ ಏಳುವುದಿಲ್ಲ, ಬೀಳುವುದಿಲ್ಲ. ಕೀತ್ ದೋಣಿಯ ಅಂಚಿಗೆ ಒರಗಿ, ಮೊದಲು ಬೆಳಗಿನ ಟೀ, ನಂತರ ಹಿಂದಿನ ದಿನದ ಗಜ್ಜರಿಯನ್ನು ಕಡಲಿಗೆ ಒಪ್ಪಿಸಿದ.

ಯೆಗ್ವಾನ್ ನನ್ನನ್ನು ನೋಡಿದ. "ನಿನಗೆ ದೋಣಿ ಗೊತ್ತೇ?"

ತಲೆ ಅಲ್ಲಾಡಿಸಬಹುದಿತ್ತು. "ಗೊತ್ತು" ಎಂದೆ.

ಹದಿನೈದು ವರ್ಷದ ವಯಸ್ಸಿನವರೆಗೆ ಅಪ್ಪನ ಜೊತೆ ಕಡಲಿಗೆ ಹೋದವನು ನಾನು. ಕೈ ಮರೆತಿರಲಿಲ್ಲ. ಅಲೆಗೆ ಮುಖ ಕೊಟ್ಟು, ಎಂಜಿನ್ ತಗ್ಗಿಸಿ, ನೀರಿನ ಮೇಲೆ ಕೂತ ಹಕ್ಕಿಯ ಪಕ್ಕಕ್ಕೆ ದೋಣಿಯನ್ನು ಜಾರಿಸಿದೆ. ಯೆಗ್ವಾನ್ ಉದ್ದ ಕೋಲಿನ ಬಲೆಯಿಂದ ಮರಿಯನ್ನು ಎತ್ತಿ, ಒಂದೇ ಹಿಡಿತದಲ್ಲಿ ಕತ್ತು ಮುರಿದು ಕೆಳಗಿಟ್ಟ. ಮೊದಲನೆಯದಕ್ಕೆ ನಾನು ಮುಖ ತಿರುಗಿಸಿದೆ. ಹೇಳಿಕೊಳ್ಳಲು ನಾಚಿಕೆಯಿಲ್ಲ. ಆ ಮರಿ ಬದುಕಿನಲ್ಲಿ ಮೊದಲ ಬಾರಿಗೆ ಗೂಡು ಬಿಟ್ಟು ಬಂದ ದಿನ ಅದು; ಹಾರಲು ಬರುತ್ತದೋ ಇಲ್ಲವೋ ಎಂದು ನೋಡುವ ಮೊದಲೇ ಮುಗಿಯಿತು. ನಾನು ಮಲಗಿಸುವವರು ಎಚ್ಚರಗೊಳ್ಳುತ್ತಾರೆ ಎಂಬ ಭರವಸೆಯ ಮೇಲೆ ನಾನು ಕೆಲಸ ಮಾಡುವುದು. ಯೆಗ್ವಾನ್‌ಗೆ ಅಂಥ ಭರವಸೆ ಯಾವುದೂ ಇರಲಿಲ್ಲ. ಆದರೂ ಅವನ ಕೈಯಲ್ಲಿ ಅವಸರವಿರಲಿಲ್ಲ, ಒರಟುತನವೂ ಇರಲಿಲ್ಲ. ಒಂದನ್ನು ಬಲೆಯಿಂದ ಬಿಡಿಸಿ, ತೂಗಿ ನೋಡಿ, "ಇನ್ನೂ ಹಗುರ" ಎಂದು ಅಷ್ಟೇ ಮೆಲ್ಲಗೆ ನೀರಿಗೆ ಬಿಟ್ಟ. ಅದು ನಮ್ಮತ್ತ ಉಗಿದು ತೇಲಿಹೋಯಿತು.

"ನೀನು ಒಂದನ್ನು ಹಿಡಿ" ಎಂದು ಯೆಗ್ವಾನ್ ಸತ್ತ ಹಕ್ಕಿಯೊಂದನ್ನು ನನ್ನ ಕೈಗಿಟ್ಟು ಚುಕ್ಕಾಣಿ ತೆಗೆದುಕೊಂಡ. ಬಿಸಿ ಇನ್ನೂ ಇತ್ತು. ನನ್ನ ಕ್ಯಾಮೆರಾ ಚೀಲದಲ್ಲಿ, ಚೀಲ ನನ್ನ ಕಾಲಡಿಯಲ್ಲಿ, ಕಾಲು ಚಳಿಗೆ ಮರಗಟ್ಟಿತ್ತು. ಐದು ವರ್ಷ ಕಾದಿದ್ದ ದೃಶ್ಯಗಳೆಲ್ಲ ಎದುರಿಗೆ ನಡೆದವು: ಕಪ್ಪು ಬಂಡೆ, ಬೆಳ್ಳಿಯ ನೀರು, ಮೇಲೆ ಸುತ್ತುವ ಸಾವಿರ ಬಿಳಿ ರೆಕ್ಕೆ. ಒಂದೂ ತೆಗೆಯಲಿಲ್ಲ. ಆಗ ಕೀತ್ ವಾಂತಿಯ ನಡುವಿನ ಬಿಡುವಿನಲ್ಲಿ ತಲೆಯೆತ್ತಿ, ತನ್ನ ಕ್ಯಾಮೆರಾ ನನ್ನತ್ತ ತಿರುಗಿಸಿ ಒಂದು ಸಲ ಒತ್ತಿದ. ಆ ಪ್ರವಾಸದಲ್ಲಿ ಹಕ್ಕಿ ಮತ್ತು ಮನುಷ್ಯ ಒಟ್ಟಿಗೆ ಇರುವ ಫೋಟೋ ಅದೊಂದೇ.

ಮನೆಗೆ ಬಂದು ಕೀತ್ ಮಹಡಿಗೆ ಹೋಗಿ ಮಲಗಿದ. ಮಾರ್ಯುನ್ ದೋಣಿಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಹಕ್ಕಿಯ ಪುಕ್ಕ ಕೀಳಲು ಕೂತಳು. ಪಕ್ಕದ ತೊಟ್ಟಿಯಲ್ಲಿ ಅದೇ ದಿನ ಹಿಡಿದ ಮೀನಿತ್ತು. ಕೇಳದೆ ಚೂರಿ ತೆಗೆದುಕೊಂಡೆ. ಕಿವಿರಿನೊಳಗೆ ಹೆಬ್ಬೆರಳು ಹಾಕಿ, ಹೊಟ್ಟೆ ಸೀಳಿ, ಕರುಳು ಎಳೆದು, ತೊಳೆದು ಬದಿಗಿಟ್ಟೆ. ಎರಡನೆಯದು, ಮೂರನೆಯದು. ಮಾರ್ಯುನ್ ಪುಕ್ಕ ಕೀಳುವುದು ನಿಲ್ಲಿಸಿದಳು.

"ನಿನ್ನ ಧರ್ಮ?" ಎಂದಳು.

"ಧರ್ಮ ಅಲ್ಲ. ಅದು ಕೀತ್ ಹೇಳಿದ್ದು."

"ಇದನ್ನು ಯಾರು ಕಲಿಸಿದರು?"

"ಅಮ್ಮ. ಮೀನು ಮಾರುತ್ತಿದ್ದಳು. ತಲೆಯ ಮೇಲೆ ಬುಟ್ಟಿ ಹೊತ್ತು."

ಇಂಗ್ಲಿಷಿನಲ್ಲಿ ಆ ವಾಕ್ಯವನ್ನು ನಾನು ಹೇಳಿದ್ದು ಅದೇ ಮೊದಲು. ಮಾರ್ಯುನ್, "ನನ್ನಮ್ಮ ಮೀನಿನ ಫ್ಯಾಕ್ಟರಿಯಲ್ಲಿದ್ದಳು" ಎಂದು ಹೇಳಿ ಮತ್ತೆ ಪುಕ್ಕ ಕೀಳತೊಡಗಿದಳು. ಅಷ್ಟೇ. ಹದಿನೆಂಟು ವರ್ಷ ಬಚ್ಚಿಟ್ಟ ಗುಟ್ಟಿಗೆ ಇಷ್ಟೇ ಮರ್ಯಾದೆ ಸಿಕ್ಕಿದ್ದು ಕಂಡು ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಆದ್ದರಿಂದ ಉಳಿದದ್ದನ್ನೂ ಹೇಳಿದೆ. ಕುಂದಾಪುರದ ಕಾಲೇಜಿನಲ್ಲಿದ್ದಾಗ ಒಂದು ದಿನ ಗೆಳೆಯರೊಂದಿಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಅಮ್ಮ ಬುಟ್ಟಿ ಹೊತ್ತು ಬರುತ್ತಿದ್ದವಳು, "ಮಗಾ!" ಎಂದು ಕೂಗಿದಳು. ನಾನು ತಿರುಗಿ ಗೋಡೆಯ ಮೇಲಿನ ಬಸ್ಸಿನ ವೇಳಾಪಟ್ಟಿ ಓದತೊಡಗಿದೆ. ಬೈಂದೂರು, ಭಟ್ಕಳ, ಹೊನ್ನಾವರ. ಕಾರವಾರ ಮುಗಿಯುವ ಹೊತ್ತಿಗೆ ಅವಳು ದಾಟಿ ಹೋಗಿದ್ದಳು. ಆ ಸಂಜೆ ಅವಳು ಅದರ ಮಾತೆತ್ತಲಿಲ್ಲ. ಆಮೇಲೆ ಎಂದೂ ನನ್ನನ್ನು ಬೀದಿಯಲ್ಲಿ ಕರೆಯಲಿಲ್ಲ.

ಮಾರ್ಯುನ್ ಹಕ್ಕಿಯೊಂದನ್ನು ಸೀಳಿ, ಅದರ ಹೊಟ್ಟೆಯೊಳಗಿನಿಂದ ಬಾಟಲಿ ಮುಚ್ಚಳದ ಕೆಂಪು ಚೂರೊಂದನ್ನು ಹೊರತೆಗೆದು, ಕಿಟಕಿಯ ಅಂಚಿನಲ್ಲಿ ಅಂಥದೇ ಚೂರುಗಳಿದ್ದ ಲೋಟಕ್ಕೆ ಹಾಕಿದಳು. "ಎಲ್ಲ ಹೊಟ್ಟೆಯಲ್ಲೂ ಏನಾದರೂ ಇರುತ್ತದೆ" ಎಂದಳು. ಹಕ್ಕಿಯ ವಿಷಯವೇ ಇರಬೇಕು. ಅವಳ ಇಂಗ್ಲಿಷ್ ಅಷ್ಟಕ್ಕಷ್ಟೇ.

ಆ ಮಧ್ಯಾಹ್ನ ಕೀತ್ ಮಹಡಿಯಿಂದ ಇಳಿದು ಬರುವಾಗ ನಾನು ಬೇಯಿಸಿದ ಫುಲ್ಮರ್ ತಿನ್ನುತ್ತಿದ್ದೆ. ರುಚಿ ಹೇಗಿತ್ತು ಎಂದು ಕೇಳುತ್ತೀರಿ. ಕೋಳಿಯೊಂದು ಬಂಗುಡೆಯನ್ನು ಮದುವೆಯಾದಂತಿತ್ತು. ಹುಣಸೆಹುಳಿ, ಬ್ಯಾಡಗಿ ಮೆಣಸು, ಸ್ವಲ್ಪ ತೆಂಗಿನಕಾಯಿ ಬಿದ್ದಿದ್ದರೆ ದಾಂಪತ್ಯ ಸುಧಾರಿಸುತ್ತಿತ್ತು. ಕೀತ್ ನನ್ನ ತಟ್ಟೆಯನ್ನು ನೋಡಿದ. ತಟ್ಟೆಯ ಅಂಚಿನ ಮೂಳೆಗಳನ್ನು ನೋಡಿದ. ನಾನು ಎಲ್ಲ ಹೇಳಿದೆ: ಚಿತ್ರಾನ್ನ, ತಲೆ ಅಲ್ಲಾಡಿಸಿದ್ದು, ಗಂಗೊಳ್ಳಿ. ಅವನು, "ಸರಿ" ಎಂದ. ಒಂದು ಆಲೂಗಡ್ಡೆ ತೆಗೆದುಕೊಂಡು ಹೊರಗೆ ಹೋಗಿ ಕಡಲ ಕಡೆ ಮುಖ ಮಾಡಿ ತಿಂದ.

ಆಮೇಲೆ ಎರಡು ದಿನ ಅವನು ನನ್ನೊಡನೆ ಅಗತ್ಯಕ್ಕೆ ಮೀರಿ ಮಾತಾಡಲಿಲ್ಲ. ವಿಮಾನದಲ್ಲಿಯೂ ಇಲ್ಲ. ಎಡಿನ್‌ಬರೋದಿಂದ ಕಾರಿನಲ್ಲಿ ಬರುವಾಗ, ನ್ಯೂಕಾಸಲ್ ದಾಟಿದ ಮೇಲೆ, ರಸ್ತೆಯ ಮೇಲಿನ ಕಣ್ಣು ತೆಗೆಯದೆ ಕೇಳಿದ: "ಆ ಮೊದಲ ದಿನ ನನ್ನ ಡಬ್ಬಿಯಲ್ಲಿ ಏನಿತ್ತು ಗೊತ್ತಾ?"

"ಗ್ಯಾಸ್ಟ್ರಿಕ್ ಅಂದುಕೊಂಡೆ."

"ಹಂದಿಮಾಂಸದ ಪೈ. ನನ್ನ ಹೆಂಡತಿ ಬದುಕಿದ್ದಾಗ ಪ್ರತಿ ಶನಿವಾರ ಕಟ್ಟಿಕೊಡುತ್ತಿದ್ದದ್ದು. ಅವಳು ಹೋದ ಮೇಲೆ ಅಂಗಡಿಯದ್ದು. ನಿನ್ನ ಪಕ್ಕ ಕೂತು ತಿನ್ನಲು ಮನಸ್ಸಾಗಲಿಲ್ಲ. ನಿನ್ನನ್ನು ಮನೆಗೆ ಬಿಟ್ಟು ಹೋಗುತ್ತಾ ಕಾರಿನಿಂದ ಹೊರಗೆಸೆದೆ. ಮುಂದಿನ ವಾರವೂ ತಿನ್ನಲಿಲ್ಲ. ಹಾಗೇ ಬಿಟ್ಟುಹೋಯಿತು."

"ಅಂದರೆ ನೀನು ಸಸ್ಯಾಹಾರಿಯಾದದ್ದು..."

"ನಿನ್ನಿಂದ."

ಒಬ್ಬ ಮೀನುಗಾರ್ತಿಯ ಮಗ ಒಬ್ಬ ಕಸಾಯಿಯ ಮಗನನ್ನು ಚಿತ್ರಾನ್ನದಿಂದ ಮತಾಂತರ ಮಾಡಿದ್ದ. ಹೌದು, ಕೀತ್‌ನ ಅಪ್ಪ ಬಾರ್ನ್ಸ್‌ಲಿಯಲ್ಲಿ ಕಸಾಯಿ ಅಂಗಡಿ ನಡೆಸುತ್ತಿದ್ದ. ಅದನ್ನೂ ಅವನು ಹೇಳಿದ್ದು ಆವತ್ತೇ. ನಾನು ಕ್ಷಮೆ ಕೇಳಿದೆ. "ಇನ್ನು ಬೇಕಿದ್ದರೆ ತಿನ್ನಬಹುದಲ್ಲ" ಎಂದೂ ಸೇರಿಸಿದೆ.

ಕೀತ್ ಒಂದು ಖಾಲಿ ಬಸ್‌ಸ್ಟಾಪಿನ ಹತ್ತಿರ ಅಭ್ಯಾಸಬಲದಿಂದ ವೇಗ ತಗ್ಗಿಸಿ, ಮತ್ತೆ ಹೆಚ್ಚಿಸಿದ. "ಈಗ ಆಗೋದಿಲ್ಲ ಬಾಸ್. ಕೊಲೆಸ್ಟರಾಲ್ ಇಳಿದಿದೆ. ನನ್ನ ಡಾಕ್ಟರಿಗೆ ಬಹಳ ಖುಷಿ." ಸ್ವಲ್ಪ ಹೊತ್ತಿನ ಮೇಲೆ, "ಅವತ್ತು ಬಾಯಲ್ಲಿದ್ದದ್ದನ್ನು ನುಂಗಿ ಆಮೇಲೆ ಉತ್ತರ ಹೇಳಿದ್ದರೆ ಆಗುತ್ತಿತ್ತು" ಎಂದ. ಸ್ನೇಹ ಉಳಿಯಿತು ಎಂದು ನನಗೆ ಗೊತ್ತಾದದ್ದು ಆಗ.

ಅಕ್ಟೋಬರಿನಲ್ಲಿ ಕನ್ನಡದವರ ಕೂಟದಲ್ಲಿ ರಾಜ್ಯೋತ್ಸವಕ್ಕೆ ಮುಂಚಿನ ಸಭೆ. ಮಧ್ಯಾಹ್ನದ ಊಟಕ್ಕೆ ಮೊದಲು ನನ್ನ ಸ್ಲೈಡ್ ಶೋ: 'ಉತ್ತರದ ಕಡಲಹಕ್ಕಿಗಳು'. ವಸುಧಾ ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಚಿತ್ರಗಳನ್ನು ನೋಡುತ್ತಾ ಬಂದವಳು, ಕೀತ್ ತೆಗೆದ ಫೋಟೋದ ಹತ್ತಿರ ನಿಂತಳು. ಕಿತ್ತಳೆ ಬಣ್ಣದ ರಬ್ಬರ್ ಉಡುಪು, ಕೈಯಲ್ಲಿ ಸತ್ತ ಹಕ್ಕಿ, ನಾನು. ಸ್ವಲ್ಪ ಅಲುಗಿದ ಚಿತ್ರ. ನಾನು ನಗುತ್ತಿದ್ದೆ. ನಗುತ್ತಿದ್ದೆ ಎಂದು ನನಗೇ ಗೊತ್ತಿರಲಿಲ್ಲ.

"ಇದನ್ನ ತೆಗೆದುಬಿಡ್ಲಾ?" ಎಂದು ನಾನೇ ಕೇಳಿದೆ.

"ನಿಮ್ಮಿಷ್ಟ. ಹದಿನೆಂಟು ವರ್ಷದಿಂದ ನಾನು ಕಾಯ್ತಾ ಇದೀನಿ. ಇನ್ನೊಂದು ಹದಿನೆಂಟು ವರ್ಷ ಬೇಕಾದ್ರೂ ಕಾಯ್ತೀನಿ. ಆದ್ರೆ ನನ್ನ ಬಾಯಲ್ಲಿ ಹೇಳಿಸ್ಬೇಡಿ."

ತೆಗೆಯಲಿಲ್ಲ.

ಸಭೆಯಲ್ಲಿ ಬಂಡೆಗಳನ್ನು ಮೆಚ್ಚಿದರು, ಹಸಿರನ್ನು ಮೆಚ್ಚಿದರು. ಕೆಲವರು ನನ್ನ ಕಸುಬಿಗೆ ಗೌರವ ಸಲ್ಲಿಸುತ್ತಾ ನಿದ್ದೆ ಹೋದರು. ಆ ಚಿತ್ರ ಬಂದಾಗ ಎದ್ದರು. ರಾಜಲಕ್ಷ್ಮಿ ಮೇಡಂ ಮುಂದಿನ ಸಾಲಿನಿಂದ ಕನ್ನಡಕ ಸರಿಮಾಡಿಕೊಂಡು, "ಅಯ್ಯೋ ಪಾಪ! ಇದು ಯಾರ್ರೀ ಈ ಬೇಟೆಗಾರ?" ಎಂದರು.

"ನಾನೇ ಮೇಡಂ."

"ಅಂದ್ರೆ... ಅವ್ರು ಕೊಲ್ತಾ ಇದ್ದಿದ್ದನ್ನ ನೀವು ನೋಡ್ತಾ ಕೂತಿದ್ರಾ?"

"ಇಲ್ಲ ಮೇಡಂ. ದೋಣಿ ನಡೆಸ್ತಾ ಇದ್ದೆ."

ನಾನು ಹೇಳಿದೆ. ಗಂಗೊಳ್ಳಿ, ಅಪ್ಪನ ದೋಣಿ, ಅಮ್ಮನ ಬುಟ್ಟಿ. ಮಠದ ಊಟವನ್ನು ನಾನು ಉಂಡದ್ದು ಶಾಲೆಯ ಪ್ರವಾಸದಲ್ಲಿ ಒಂದೇ ಒಂದು ಸಲ, ಸಾರು ಬಹಳ ರುಚಿಯಾಗಿತ್ತು ಎಂದೂ ಹೇಳಿದೆ. ಆ ಹಕ್ಕಿಯನ್ನು ಕೊಂದದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ, ಆದರೆ ಕೊಂದವರ ಮನೆಯಲ್ಲಿ ನನಗೆ ನಾಚಿಕೆಯಾಗಲಿಲ್ಲ, ಇಷ್ಟು ವರ್ಷ ಇಲ್ಲಿ ಆಗುತ್ತಿತ್ತು ಎಂದು ಹೇಳಿ ಮುಂದಿನ ಸ್ಲೈಡಿಗೆ ಹೋದೆ. ಅದು ಒಂದು ಕುರಿಯ ಚಿತ್ರ.

ರಾಜಲಕ್ಷ್ಮಿ ಮೇಡಂ ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತು, ಬಹಳ ಹೊತ್ತು ಯೋಚಿಸಿ, "ನೀವು ಮೊದಲೇ ಹೇಳಿದ್ರೆ ನಾವೇನು ಕಚ್ತಿದ್ವಾ?" ಎಂದರು. ಕಚ್ಚುತ್ತಿದ್ದರೋ ಇಲ್ಲವೋ, ಈಗ ತಿಳಿಯುವ ಉಪಾಯವಿಲ್ಲ. ನನ್ನ ತಟ್ಟೆಗೆ ತಾವೇ ಇನ್ನೊಂದು ಹೋಳಿಗೆ ಹಾಕಿದರು. ಕೋಟುಗಳನ್ನು ನೇತುಹಾಕಿದ್ದ ಮೂಲೆಯಲ್ಲಿ, ಹತ್ತು ವರ್ಷದಿಂದ ನನ್ನೊಂದಿಗೆ ಪುಳಿಯೋಗರೆ ತಿಂದ ಇಬ್ಬರು ಡಾಕ್ಟರುಗಳು ಒಬ್ಬರಾದ ಮೇಲೊಬ್ಬರು ಬಂದು, ತಗ್ಗಿದ ದನಿಯಲ್ಲಿ, "ಇಲ್ಲಿ ಒಳ್ಳೆ ಬಂಗುಡೆ ಎಲ್ಲಿ ಸಿಗುತ್ತೆ ಸಾರ್?" ಎಂದು ಕೇಳಿದರು.

ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಾ ಕೂತಿದ್ದ ಇಳಾ ಮನೆಗೆ ಹೋಗುವಾಗ ಕಾರಿನಲ್ಲಿ ಮೊಬೈಲ್ ತೆಗೆಯಲಿಲ್ಲ. ಅವಳಿಗಾಗ ಹದಿನೈದು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗು. ಮನೆಯ ಮುಂದೆ ಕಾರು ನಿಂತ ಮೇಲೆ, ಸೀಟ್‌ಬೆಲ್ಟ್ ಬಿಚ್ಚದೆ, ತಡವರಿಸುತ್ತಾ ಕೇಳಿದಳು: "ಅಪ್ಪ, ಅಜ್ಜಿಯ ಬುಟ್ಟಿ... ಅದು ಎಷ್ಟು ಭಾರ ಇತ್ತು?"

ನನಗೆ ಗೊತ್ತಿರಲಿಲ್ಲ. ಮೀನು ಹೆರೆಯುವುದು ಗೊತ್ತು, ದೋಣಿ ನಡೆಸುವುದು ಗೊತ್ತು. ಆ ಬುಟ್ಟಿಯನ್ನು ನಾನು ಒಂದು ಸಲವೂ ಎತ್ತಿ ನೋಡಿರಲಿಲ್ಲ. ಹ್ಞೂಂ ಎಂದೋ, ಅಲ್ಲ ಎಂದೋ ತಲೆ ಅಲ್ಲಾಡಿಸದೆ, "ಗೊತ್ತಿಲ್ಲ, ಕೇಳ್ತೀನಿ" ಎಂದೆ.

ಮರುದಿನ ಭಾನುವಾರ ಬೆಳಿಗ್ಗೆ ಅಮ್ಮನಿಗೆ ಫೋನು ಮಾಡಿದೆ. ಅವಳು ಗಂಗೊಳ್ಳಿಯಲ್ಲಿ ಅಕ್ಕನ ಮನೆಯಲ್ಲಿದ್ದಾಳೆ. ಅಕ್ಕನ ಅಡುಗೆಯನ್ನು ತಿದ್ದುತ್ತಾ ಆರೋಗ್ಯವಾಗಿದ್ದಾಳೆ. ಇಳಾ ಪಕ್ಕದಲ್ಲಿ ಕೂತಿದ್ದಳು, ಸ್ಪೀಕರ್ ಹಾಕಿದ್ದೆ. ಸಭೆಯಲ್ಲಿ ಎಲ್ಲರ ಮುಂದೆ ಅವಳ ವಿಷಯ ಹೇಳಿದೆ ಎಂದು ತಿಳಿಸಿದೆ.

"ಎಂತ ಹೇಳ್ದೆ?"

"ನೀನ್ ಮೀನ್ ಮಾರಿ ನನ್ನ ಓದ್ಸಿದ್ದ್."

"ಅದ್ರಂಗ್ ಹೇಳುಕ್ ಎಂತ ಇತ್ತ್? ಊರಿಗೇ ಗೊತ್ತಿಪ್ಪುದ್."

"ಈ ಊರಿಗೆ ಗೊತ್ತಿರ್ಲಿಲ್ಲೆ ಅಮ್ಮ." ಆಮೇಲೆ, ಮೊಮ್ಮಗಳು ಕೇಳುತ್ತಿದ್ದಾಳೆ, ಬುಟ್ಟಿ ಎಷ್ಟು ಭಾರವಿರುತ್ತಿತ್ತು ಎಂದು ಕೇಳಿದೆ.

ಅಮ್ಮ ನಕ್ಕಳು. "ತೂಕ ಯಾರ್ ಕಂಡಿದ್ರ್ ಮಗಾ? ಹೋಪತಿಗೆ ಭಾರ ಇದ್ರ್ ಎಂತ ಬೇಜಾರಿಲ್ಲೆ. ಬಪ್ಪತಿಗೆ ಭಾರ ಇಪ್ಪುಕಾಗ. ಅಷ್ಟೇ."

ಹೋಗುವಾಗ ಭಾರವಿದ್ದರೆ ಬೇಸರವಿಲ್ಲ, ಮೀನು ಉಳಿದು ಬರುವಾಗ ಭಾರವಿರಬಾರದು ಎಂದು ನಾನು ಇಳಾಗೆ ಅನುವಾದ ಮಾಡಲು ಬಾಯಿ ತೆರೆದೆ. ಅವಳು ಬೇಡವೆಂದು ಕೈಯೆತ್ತಿದಳು.

"ಅವ್ಳಿಗ್ ಕೇಂತಾ?" ಎಂದಳು ಅಮ್ಮ. "ಹಾಂಗಾರೆ ಫೋನ್ ಇಡ್. ನಿನ್ನ ಅಕ್ಕ ಸಾರಿಗೆ ಉಪ್ಪ್ ಹಾಕುಕ್ ಮರ್ತಿದ್ಲ್."